ಮಿತಭಾಷಿಯ ತಪ್ಪೊಪ್ಪಿಗೆ

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರಾದ ಮಧ್ವೇಶ ಅವರೇ, ಸವಣೂರು, ಶಿಗ್ಗಾಂವಿ, ಹಾನಗಲ್ಲುಗಳಿಂದ ಬಸ್ಸು ಬದಲಿಸಿ ಬಂದಿರುವ ಅತಿಥಿಗಳೇ, ಹಿರೇಕೆರೂರು ತಾಲೂಕು ಕಚೇರಿಯ ನನ್ನ ಸಹೋದ್ಯೋಗಿಗಳೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಹಿಂದಿನ ಸಾಲಿನಲ್ಲಿ ಯಾರೋ ಕತ್ತು ಎತ್ತಿ ನೋಡಿದರು. ಗುಡ್ಡಪ್ಪನ ಸನ್ಮಾನಕ್ಕೆ ಬಂದರೆ ಯಾವುದೋ ಹೆಣ್ಣುಮಗಳು ಮಾತನಾಡುತ್ತಿದ್ದಾಳಲ್ಲ ಎಂದು ತಾನೇ? ನಾನೇ ಗುಡ್ಡಪ್ಪ. ದನಿಯೂ ನನ್ನದೇ. ಮೈಕಿನವನನ್ನು ಬೈಯಬೇಡಿ.

ನನಗಿಂತ ಮೊದಲು ಐವರು ಮಾತನಾಡಿದರು, ಐವರೂ ಹೊಗಳಿದರು. ಬೀಳ್ಕೊಡುವ ದಿನ ಬೇರೆ ದಾರಿಯೂ ಇರುವುದಿಲ್ಲ. 'ತಲೆ ಎತ್ತಿ ಮಾತನಾಡದ ವಿನಯವಂತ' ಎಂದರು ಅಧ್ಯಕ್ಷರು. 'ಮೂವತ್ತು ವರ್ಷ ಮಿತಭಾಷಿ ಇದ್ರು, ಇತ್ತೀಚಿಗೆ ಎರಡು ವರ್ಷದಿಂದ ಮಾತು ಸ್ವಲ್ಪ ಜಾಸ್ತಿ ಆಗೇತಿ' ಎಂದರು ಕೌಸರ ಮೇಡಂ. ಅವರು ಹೇಳಿದ ಎರಡನೆಯ ಭಾಗ ನಿಜ. ಮೊದಲನೆಯದನ್ನು ನಂಬಬೇಡಿ. ನಾನು ಮಿತಭಾಷಿಯೇ? ಅಲ್ಲ. ವಿನಯವಂತನೇ? ಅದೂ ಅಲ್ಲ. ನಾನು ಹೆದರಿದವನು, ಅಷ್ಟೇ. ಶಾಲು ಹೊದಿಸಿದ ಮೇಲಾದರೂ ನಿಜ ಹೇಳಬೇಕಲ್ಲವೇ?

ನಾನು ಸವಣೂರಿನಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ನಾಟಕದಲ್ಲಿ ನನಗೆ ರಾಜನ ಪಾತ್ರ ಕೊಟ್ಟರು. ಎತ್ತರವಿದ್ದೆ, ಕಿರೀಟ ಸರಿಯಾಗಿ ಕೂರುತ್ತಿತ್ತು. ತಾಲೀಮಿನ ಮೊದಲ ದಿನ ಎದೆ ಉಬ್ಬಿಸಿ ನಿಂತು "ಯಾರಲ್ಲಿ?" ಎಂದೆ. ಮಂತ್ರಿ ನಕ್ಕ. ಸೈನಿಕರು ನಕ್ಕರು. ಶತ್ರು ರಾಜ ಕೆಳಗೆ ಕುಳಿತುಕೊಂಡು ನಕ್ಕ. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ, "ರಾಜ ಬ್ಯಾಡೋ ಗುಡ್ಡ್ಯಾ, ನಾಳಿಯಿಂದ ನೀ ದಾಸಿ ಪಾರ್ಟ್ ಮಾಡು" ಎಂದರು. ಅವರು ಕೆಟ್ಟವರಲ್ಲ. ಆ ಮಾತನ್ನು ಸಂಜೆಯ ಹೊತ್ತಿಗೆ ಮರೆತಿರಬೇಕು. ನಾನು ಮಾತ್ರ ನಲವತ್ತೈದು ವರ್ಷ ನೆನಪಿಟ್ಟುಕೊಂಡೆ.

ಗೆಳೆಯರ ದನಿಗಳೆಲ್ಲ ಒಂದೊಂದಾಗಿ ಒಡೆದವು. ನನ್ನದೂ ಒಡೆದೀತೆಂದು ಕಾದೆ. ನಮ್ಮೂರಿನ ಹೆಸರಾಂತ ಕುರುಕಲು ಖಾರಾ ತಿಂದು ನೀರು ಕುಡಿಯದೆ ಕುಳಿತರೆ ಗಂಟಲು ದಪ್ಪವಾಗುತ್ತದೆ ಎಂದು ಯಾರೋ ಹೇಳಿದರು. ಸವಣೂರಿನಲ್ಲಿ ಖಾರಾಕ್ಕೆ ಬರವೇ? ತಿಂದೆ. ಹೊಟ್ಟೆ ಕೆಟ್ಟಿತು, ದನಿ ಹಾಗೇ ಉಳಿಯಿತು. ಕೊನೆಗೆ ನಾನೇ ಒಂದು ಉಪಾಯ ಕಂಡುಹಿಡಿದೆ. ಗದ್ದವನ್ನು ಎದೆಗೆ ಒತ್ತಿಕೊಂಡರೆ ದಪ್ಪ ದನಿ ಬರುತ್ತದೆ. ಆದರೆ ಐದಾರು ಪದಗಳ ಮಟ್ಟಿಗೆ ಮಾತ್ರ, ಏಳನೆಯ ಪದಕ್ಕೆ ಅದು ಮೇಲಕ್ಕೆ ಹಾರಿಬಿಡುತ್ತದೆ. ಅಧ್ಯಕ್ಷರೇ, ನನ್ನ ವಿನಯ ಎಂದರೆ ಆ ಗದ್ದ. ಕೌಸರ ಮೇಡಂ, ನನ್ನ ಮಿತಭಾಷಿತ್ವ ಎಂದರೆ ಆ ಐದಾರು ಪದ.

ಹೆಣ್ಣು ನೋಡಲು ಹೋದಾಗ ಬೀಗರು ಏನು ಕೇಳಿದರೂ ಗದ್ದ ಒತ್ತಿ "ಹೂಂ" ಎಂದೆ. ಹುಡುಗ ಗಂಭೀರ ಎಂದು ಮೆಚ್ಚಿಕೊಂಡರು. ಮದುವೆಯಾಗಿ ಆರು ತಿಂಗಳು ನನ್ನ ಹೆಂಡತಿ ನೇತ್ರಾ ಆ ಗಂಭೀರನ ಜೊತೆ ಸಂಸಾರ ಮಾಡಿದಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಚೇಳು ಕಂಡಿತು. ಚೇಳು ಕಂಡವನಿಗೆ ಗದ್ದದ ನೆನಪು ಇರುತ್ತದೆಯೇ? ಕಿರುಚಿದೆ. ನೇತ್ರಾ ಓಡಿ ಬಂದು ಬಾಗಿಲು ಬಡಿದಳು.

"ಒಳಗ ಯಾರದೀ? ಯಾವ ಹೆಂಗಸದು? ಮೊದ್ಲ ಹೊರಗ ಬಾ!"

ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ಆಕೆ ನನ್ನನ್ನು ಪಕ್ಕಕ್ಕೆ ಸರಿಸಿ ಬಚ್ಚಲನ್ನೆಲ್ಲ ಹುಡುಕಿದಳು. ಚೇಳೊಂದೇ ಸಿಕ್ಕಿತು. ವಿಷಯ ಅರ್ಥವಾದ ಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. ನಾನು ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೆಯ ದಿನ ಆಕೆ ತಾಟು ಮುಂದಿಟ್ಟು, "ನಿಮ್ಮ ದನಿ ನನಗೇನೂ ತ್ರಾಸ ಇಲ್ರಿ. ನೀವು ಮಾತಾಡದ ಇರೂದ ತ್ರಾಸ" ಎಂದಳು. ಎಷ್ಟು ಸರಳ ಮಾತು! ನನಗೆ ಅದು ಕೇಳಿಸಲಿಲ್ಲ. ಮತ್ತೆ ಗದ್ದ ಒತ್ತಿದೆ, ಮನೆಯಲ್ಲೂ.

ಎರಡು ವರ್ಷದ ಹಿಂದೆ ಕಚೇರಿಯಲ್ಲಿ ನನ್ನನ್ನು ದಾಖಲೆ ಕೋಣೆಯಿಂದ ಹೊರಗಿನ ಕೌಂಟರಿಗೆ ಹಾಕಿದರು. ಅರ್ಜಿದಾರರ ಹೆಸರನ್ನು ಮೈಕಿನಲ್ಲಿ ಕೂಗುವ ಕೆಲಸ. ಬೇರೆಯವರಿಗೆ ಅದು ಬಡ್ತಿಯಂತೆ ಕಂಡಿತು. ನನಗೆ ಎಂಟನೇ ತರಗತಿಯ ತಾಲೀಮಿನಂತೆ ಕಂಡಿತು. ಒಂದು ವಾರ ಜ್ವರವೆಂದು ರಜೆ ಹಾಕಿದೆ. ಮುಂದಿನ ವಾರ ಬೆನ್ನುನೋವು. ಅದರ ಮುಂದಿನ ವಾರ ಕಾರಣ ಬರೆಯುವ ಶಕ್ತಿಯೂ ಉಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದೆ. ಊಟ ಬೇಡ, ಸ್ನಾನ ಬೇಡ, ಯಾರ ಮುಖವೂ ಬೇಡ. ನಾನು ಇಲ್ಲದೇ ಹೋದರೆ ಯಾರಿಗೆ ಏನು ನಷ್ಟ ಎಂದೂ ಅನ್ನಿಸಿತ್ತು. ಇದನ್ನು ನೇತ್ರಾಳಿಗೂ ಹೇಳಿರಲಿಲ್ಲ. ಈಗ ಮೈಕಿನಲ್ಲಿ ಬಾಯಿತಪ್ಪಿ ಬಂದುಬಿಟ್ಟಿತು. ಮೊದಲ ಸಾಲಿನಿಂದ ನನ್ನನ್ನು ಹೇಗೆ ನೋಡುತ್ತಿದ್ದಾಳೆ ನೋಡಿ. ಮನೆಗೆ ಹೋದ ಮೇಲೆ ಅನುಭವಿಸುತ್ತೇನೆ.

ಆಕೆ ಸವಣೂರಿನಿಂದ ನನ್ನ ಅವ್ವನನ್ನು ಕರೆಸಿದಳು. ಅವ್ವ, ಶೇಖವ್ವ, ಸವಣೂರಿನ ಸಂತೆಯಲ್ಲಿ ವೀಳ್ಯದೆಲೆ ಮಾರಿ ನನ್ನನ್ನು ಓದಿಸಿದವಳು. ಆಕೆ "ಎಲೀ" ಎಂದು ಕೂಗಿದರೆ ಸಂತೆಯ ಆ ತುದಿಗೆ ಕೇಳಿಸುತ್ತಿತ್ತು. ಸಣ್ಣ, ಚೂಪಾದ ದನಿ. ಎಂಟನೇ ತರಗತಿಯ ನಂತರ ನಾನು ಸಂತೆಯ ದಿನ ಸುತ್ತು ದಾರಿ ಹಿಡಿದು ಮನೆಗೆ ಹೋಗುತ್ತಿದ್ದೆ. ಯಾಕೆಂದು ಆಕೆ ಎಂದೂ ಕೇಳಿರಲಿಲ್ಲ.

ಅವ್ವ ಮಂಚದ ತುದಿಗೆ ಕುಳಿತು ನನ್ನ ಕಾಲ ಮೇಲೆ ಕೈಯಿಟ್ಟಳು.

"ನಿನ್ನ ಹೇಂತಿ ಎಲ್ಲಾ ಹೇಳ್ಯಾಳ. ನಿನ್ನ ದನಿ ನನ್ನದೋ ತಮ್ಮಾ. ನನ್ನ ಕಡಿಂದ ನಿನಗ ಬಂದದ್ದು ಅದೊಂದ. ಅದಕ್ಕ ಇಷ್ಟ ವರ್ಷ ನಾಚಿಕಿ ಪಟ್ಟೇನು?"

ಸಭಿಕರೇ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಗೋಡೆಯ ಕಡೆಗಿದ್ದ ಮುಖ ತಿರುಗಿಸಿ ಆಕೆಯ ತೊಡೆಯ ಮೇಲಿಟ್ಟು ಅತ್ತೆ. ಅಳುವಾಗ ಯಾವ ದನಿ ಬಂತು ಎಂದು ಗಮನಿಸಲಿಲ್ಲ.

ಮರುದಿನ ನೇತ್ರಾ ನನ್ನನ್ನು ಹಾವೇರಿಯ ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಗಂಟಲು ನೋಡಿ ಚೆನ್ನಾಗಿದೆ ಎಂದರು, ನಿದ್ದೆಗೆ, ಮನಸ್ಸಿಗೆ ಮಾತ್ರೆ ಬರೆದರು. ಆಪ್ತಸಮಾಲೋಚಕಿ ಸುಮೇಧಾ ಅವರ ಬಳಿ ಕಳಿಸಿದರು. ನನ್ನ ಮಗಳ ವಯಸ್ಸಿನವರು. 'ನಿಮ್ಮ ದನಿ ತುಂಬ ಚಂದ' ಎಂದೇನಾದರೂ ಹೇಳಿದರೆ ಎದ್ದು ಹೋಗಬೇಕೆಂದೇ ಕುಳಿತಿದ್ದೆ. ಅವರು ಹಾಗೆ ಹೇಳಲಿಲ್ಲ.

"ಸರ್, ನಿಮ್ಮ ದನಿ ನಿಮಗ ಇಷ್ಟ ಆಗಬೇಕು ಅಂತ ನಾ ಹೇಳೂದಿಲ್ಲ. ಅದರ ಕೂಡ ಜಗಳಾಡೂದು ಬಿಡ್ರಿ, ಸಾಕು. ದಿನಾ ಒಬ್ಬರ ಹೆಸರು, ಬರೇ ಒಬ್ಬರದು, ಗದ್ದ ಮ್ಯಾಲೆತ್ತಿ ಕರೀರಿ."

ಎರಡು ತಿಂಗಳ ನಂತರ ಕೌಂಟರಿಗೆ ಬಂದು ಕುಳಿತೆ. ಹಾಲ್ ತುಂಬಿತ್ತು. ಮೊದಲ ಅರ್ಜಿ ಅಬಲೂರಿನ ಮಹಾಲಿಂಗಪ್ಪ ಎಂಬ ಹಿರಿಯರದು. ಗದ್ದ ಎತ್ತಿ, ಕಣ್ಣು ಮುಚ್ಚಿ ಕರೆದೆ. "ಅಬಲೂರಿನ ಮಹಾಲಿಂಗಪ್ಪನವರು ಬರ್ರಿ!" ಕಣ್ಣು ಬಿಟ್ಟರೆ ಎಲ್ಲರೂ ತಿರುಗಿ ನೋಡುತ್ತಿದ್ದಾರೆ. ಇಬ್ಬರು ಕಿಸಕ್ಕೆಂದರು. ಮಹಾಲಿಂಗಪ್ಪನವರು ಕೋಲೂರಿಕೊಂಡು ಬಂದು ನನ್ನ ಅಕ್ಕಪಕ್ಕ ನೋಡಿದರು.

"ಯಾರೋ ಅಕ್ಕಾರು ಕರದ್ರಲ್ರಿ, ಎಲ್ಲಿ ಹ್ವಾದ್ರು?"

"ನಾನ ಕರದೇನ್ರಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ನಾನು ಗದ್ದ ಇಳಿಸದೆ ಕಾದೆ.

"ನೀವನ? ಆತ್ ಬಿಡ್ರಿ. ನನ್ನ ಪಹಣಿ ಕೊಡ್ರಿ, ಹನ್ನೊಂದರ ಬಸ್ ಐತಿ."

ಪಹಣಿ ತೆಗೆದುಕೊಂಡು ಹೋಗಿಯೇಬಿಟ್ಟರು! ನಲವತ್ತೈದು ವರ್ಷ ನಾನು ಕಾದಿದ್ದ ತೀರ್ಪು ಅದು. ಅವರಿಗೆ ಬೇಕಾಗಿದ್ದುದು ತಮ್ಮ ಹೊಲದ ಕಾಗದ, ಹನ್ನೊಂದರ ಬಸ್ಸು. ಆ ದಿನ ಒಬ್ಬರಲ್ಲ, ನಲವತ್ತೊಂದು ಜನರ ಹೆಸರು ಕರೆದೆ. ಸುಮೇಧಾ ಮೇಡಂ, ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮೆ ಇರಲಿ.

ಈಗ ಎಲ್ಲ ಸರಿಹೋಯಿತೇ? ಪೂರ್ತಿ ಇಲ್ಲ. ಯಾರಾದರೂ ನಕ್ಕರೆ ಇಂದಿಗೂ ಚುರುಕ್ಕೆನ್ನುತ್ತದೆ. ಆದರೆ ಅದು ಸಂಜೆಯವರೆಗೂ ಉಳಿಯುವುದಿಲ್ಲ. ಅವ್ವ ಕಳೆದ ವರ್ಷ ತೀರಿಕೊಂಡಳು. ಅದಕ್ಕೂ ಮೊದಲು ಒಂದು ವರ್ಷ ನಾವಿಬ್ಬರೂ ಬಾಯಿ ತುಂಬ ಮಾತನಾಡಿದೆವು. ಪಕ್ಕದ ಮನೆಯವರು ಇಬ್ಬರು ಹೆಂಗಸರು ಜಗಳವಾಡುತ್ತಿದ್ದಾರೆಂದು ಇಣುಕಿ ನೋಡಿದ್ದುಂಟು.

ಅಧ್ಯಕ್ಷರು ಮೂರನೆಯ ಸಲ ಗಡಿಯಾರ ನೋಡಿದರು. ಮೂವತ್ತು ವರ್ಷದ ಬಾಕಿ ಮಾತು, ಸ್ವಲ್ಪ ಉದ್ದವಾಯಿತು. ನಾಳೆಯಿಂದ ಬಿಡುವಾಗಿರುತ್ತೇನೆ, ಫೋನ್ ಮಾಡಿ. ಸಣ್ಣ ದನಿಯೊಂದು "ಹಲೋ" ಎಂದರೆ, "ಅಕ್ಕಾರ, ಗುಡ್ಡಪ್ಪನವ್ರಿಗೆ ಕೊಡ್ರಿ" ಎನ್ನಬೇಡಿ, ಅದು ನಾನೇ. ದಪ್ಪ ದನಿ ಕೇಳಿಸಿದರೆ ಅದು ನೇತ್ರಾ, ಸ್ವಲ್ಪ ಹುಷಾರಾಗಿ ಮಾತನಾಡಿ. ಕುಳಿತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಊಟ ತಣ್ಣಗಾಗುವುದರೊಳಗೆ, ನಮಸ್ಕಾರ.