ಠಾಣೆಯ ಕಂಬಳಿ

ಮಣ್ಣಿಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಒಗೆದಿಟ್ಟ ಕಂಬಳಿಯನ್ನು ಮಡಿಸಿಕೊಂಡು ಪೊಲೀಸ್ ಠಾಣೆಗೆ ಬಂದಳು. ಕುಡಿದು ಗಲಾಟೆ ಮಾಡಿದನೆಂದು ಲಾಕಪ್ಪಿನಲ್ಲಿಟ್ಟಿದ್ದ ಅವಳ ಗಂಡ ಎರಡನೆಯ ದಿನ ಅದನ್ನು ಹೊದ್ದುಕೊಂಡೇ ಸತ್ತಿದ್ದ. ಕಂಬಳಿ ಕಾನ್‌ಸ್ಟೆಬಲ್‌ನದು.

ಬೆಂಚಿನಲ್ಲಿ ಅವಳ ಪಕ್ಕ ಗುರುತಿಲ್ಲದ ಅತ್ತೆ, ಸೊಸೆ ಇಬ್ಬರು ಕೂತಿದ್ದರು. ತನ್ನ ಗಂಡನ ಮೇಲಿನ ದೂರಿನ ಅರ್ಜಿ ಸೊಸೆಯ ಕೈಯಲ್ಲಿತ್ತು.

“ಎರಡು ದಿನ ಒಳಗಿರಲಿ ಅತ್ತೆ, ಪಿತ್ತ ಇಳಿಯುತ್ತೆ.”

“ಕುಡಿತಾನೂ ಒಂದು ಕಾಯಿಲೆ ಕಣೇ. ಸಕ್ಕರೆ ಕಾಯಿಲೆಯವರನ್ನ ಲಾಕಪ್ಪಿಗೆ ಹಾಕ್ತಾರಾ?”

“ಸಕ್ಕರೆ ಕಾಯಿಲೆ ಹೆಂಡ್ತಿ ಹಲ್ಲು ಉದುರಿಸಲ್ಲ.”

ಅತ್ತೆ ಸೊಸೆಯ ಬಾತ ತುಟಿಯನ್ನು ನೋಡಿದಳು.

“ಬೆಳಿಗ್ಗೆ ಕುಡೀದಿದ್ರೆ ಅವನಿಗೆ ಕೈಕಾಲು ನಡುಗುತ್ತಲ್ಲೇ.”

“ಎಲ್ಲಾ ನಾಟಕ. ನಿಮ್ಮ ಮಗ ಬಣ್ಣ ಹಚ್ಚದ ನಟ.”

“ಒಳಗೆ ಅವನನ್ನ ಯಾರು ನೋಡ್ತಾರೆ?”

“ಹೊರಗೆ ನನ್ನನ್ನ ಯಾರು ನೋಡಿದ್ರು?”

ಒಳಗಿಂದ ಕರೆ ಬಂತು. ಇಬ್ಬರೂ ಎದ್ದು ಸಾಹೇಬರ ಕೋಣೆಗೆ ಹೋದರು.

ಅವಳು ಕಂಬಳಿಯನ್ನು ಕಾನ್‌ಸ್ಟೆಬಲ್‌ನ ಮೇಜಿನ ಮೇಲಿಟ್ಟಳು.

“ಇದನ್ನ ಯಾಕೆ ತಂದ್ರಿ ತಾಯಿ? ಪಾಪ, ಚಳಿಗೆ ನಡುಗ್ತಿದ್ರು ಅಂತ ಕೊಟ್ಟಿದ್ದೆ.”

“ಅದು ಚಳಿ ಅಲ್ಲ ಸರ್,” ಎಂದಳು. “ಈಗ ಒಳಗೆ ಹೋದ ಆಯಮ್ಮನ ಗಂಡನ್ನ ಕರ್ಕೊಂಡು ಬರ್ತೀರಲ್ಲ, ಅವರೂ ಕುಡೀದೆ ನಡುಗ್ತಾರೆ. ಕಂಬಳಿ ಕೊಡಬೇಡಿ. ಡಾಕ್ಟರನ್ನ ಕರೀರಿ.”