ಕೋಟೆ ಹುಲ್ಲುಗಾವಲಿನ ನೆರೆಮನೆ

ಅಕ್ಟೋಬರ್ ಕೊನೆಯ ಮಳೆ ಹಿಡಿದು ಕೂತರೆ ಆಖ್ಟರ್‌ಹುಕ್ ಸೀಮೆಯಲ್ಲಿ ನೆಲ ಅಗೆಯುವವರಿಗೆ ಕೆಲಸವೇ ಉಳಿಯುವುದಿಲ್ಲ. ಹಳೆಯ ಕೋಟೆಯೊಂದರ ಜಾಗವನ್ನು ಮತ್ತೊಮ್ಮೆ ಅಗೆದು ನೋಡಲು ಬಂದ ತಂಡ ನಮ್ಮದು. ಕೋಟೆ ಎಂದರೆ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ದನ ಮೇಯುವ ಹುಲ್ಲುಗಾವಲು, ನಡುವೆ ಒಂದಿಷ್ಟು ಉಬ್ಬು, ಸುತ್ತ ಕಂದಕವಿದ್ದ ತಗ್ಗು, ಅಷ್ಟೇ. ಆ ದಿನ ನಮ್ಮ ಗುಂಡಿಗಳೆಲ್ಲ ಕೆರೆಯಾಗಿದ್ದವು. ತಗಡಿನ ಗುಡಿಸಲಿನೊಳಗೆ ಮುದುರಿಕೊಂಡಿದ್ದ ನಮ್ಮನ್ನು ಕಂಡು, ಹುಲ್ಲುಗಾವಲಿನ ಅಂಚಿನ ಮನೆಯ ಅಲೈಡಜ್ಜಿ ಬೇಲಿಯ ಹತ್ತಿರ ನಿಂತು ಕೂಗಿದರು.

"ಯಾಕ್ರೋ ನೆಂದ ಕೋಳಿಗಳ ಹಾಗೆ ಆ ಡಬ್ಬಿಯೊಳಗೆ ಕೂತಿದ್ದೀರ? ಬನ್ನಿ ಒಳಗೆ. ಬೂಟು ಮಾತ್ರ ಹೊರಗೆ!"

ಎಂಬತ್ತು ದಾಟಿದ ಹೆಂಗಸು, ಒಂಟಿ ಜೀವ. ಮಕ್ಕಳಾಗಲಿಲ್ಲ, ಗಂಡ ಹೋಗಿ ಕೆಲವು ವರ್ಷವಾಗಿತ್ತು. ಅಡುಗೆಮನೆಯ ಒಲೆಯ ಸುತ್ತ ನಮ್ಮನ್ನು ಕೂರಿಸಿ ಗಟ್ಟಿ ಬಟಾಣಿ ಸೂಪು ಬಡಿಸಿದರು, ಆಮೇಲೆ ಕಾಫಿ. ಹೊರಗೆ ಐದು ಗಂಟೆಗೇ ಕತ್ತಲು ಕಟ್ಟಿತ್ತು. ನಮ್ಮಲ್ಲಿ ನಕ್ಷೆ ಬಿಡಿಸುವ ಫ್ರೌಕೆಗೆ ಸುಮ್ಮನಿರಲು ಆಗುವುದಿಲ್ಲ. "ಅಜ್ಜಿ, ಈ ಕೋಟೇಲಿ ದೆವ್ವ ಇದೆಯಂತೆ? ಬಿಳಿ ಬಟ್ಟೆ ಹಾಕ್ಕೊಂಡು ಓಡಾಡೋ ಹೆಂಗಸಾ?" ಎಂದು ಕೆಣಕಿದಳು.

"ಬಿಳಿ ಬಟ್ಟೆ ಹೆಂಗಸು ಬೇಸಿಗೇಲಿ ಬರೋ ಪ್ರವಾಸಿಗಳಿಗೆ ಕಣೇ. ನಮ್ಮ ದೆವ್ವ ಓದಿದ್ದು. ಲೈಡನ್ನಲ್ಲಿ ಡಾಕ್ಟರೇಟ್ ಮಾಡಿದ್ದು" ಎಂದರು ಅಲೈಡಜ್ಜಿ. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಕುರ್ಚಿಯನ್ನು ಒಲೆಗೆ ಹತ್ತಿರ ಎಳೆದುಕೊಂಡು ಹೇಳತೊಡಗಿದರು.

ನಿಮ್ಮ ಪುಸ್ತಕಗಳಲ್ಲಿ ಮರೀನುಸ್ ಬೂಲೆನ್ಸ್ ಅಂತ ಹೆಸರು ಬರುತ್ತಲ್ಲ, ಅದನ್ನೇ ಓದ್ಕೊಂಡು ನೀವೆಲ್ಲ ಪಾಸಾಗಿದ್ದೀರಲ್ಲ... ಆ ಬೂಲೆನ್ಸ್ ಇದ್ದಿದ್ದು ಅಗೋ, ಆ ತಿರುವಿನ ಮನೇಲಿ. ಡೆಲ್ಫ್ಟ್ ಕಡೆಯೋರು. ಸಣಕಲು ಮೈ, ದಪ್ಪ ಕನ್ನಡಕ, ಜೋರಾಗಿ ಮಾತಾಡಿದ್ರೆ ಯಾರಿಗೆ ತೊಂದರೆಯಾಗುತ್ತೋ ಅನ್ನೋ ಹಾಗೆ ಮೆತ್ತಗಿನ ಮಾತು. ಜೀವಮಾನವೆಲ್ಲ ಮಾಡಿದ್ದು ಒಂದೇ ಕೆಲಸ, ಇಲ್ಲದ ಕೋಟೆ ಹುಡುಕೋದು. ಇರೋ ಕೋಟೇನ ಯಾರು ಬೇಕಾದ್ರೂ ನೋಡ್ತಾರೆ, ಟಿಕೆಟ್ ತಗೊಂಡ್ರೆ ಆಯ್ತು. ಇವ್ರಿಗೆ ಬೇಕಾಗಿದ್ದು ಗೋಡೆ ಕೆಡವಿ ಇಟ್ಟಿಗೇನೆಲ್ಲ ಮಾರ್ಕೊಂಡ ಮೇಲೆ ಮಣ್ಣಲ್ಲಿ ಉಳಿಯುತ್ತಲ್ಲ, ಆ ಕರೆ. ಹೂಂ, ಬರೀ ಕರೆ! ಹಳದಿ ಮರಳಲ್ಲಿ ಒಂದು ಕಪ್ಪು ಪಟ್ಟಿ ಕಂಡ್ರೆ ಸಾಕು, ಮಂಡಿಯೂರಿ ಕೂತ್ಕೊಂಡು, ಇಲ್ಲಿ ಗೋಪುರ, ಇಲ್ಲಿ ಬಾಗಿಲು, ಇಲ್ಲಿ ಹೆಂಗಸ್ರು ಒಲೆ ಮುಂದೆ ಕೂರ್ತಿದ್ರು ಅಂತ ಹೇಳೋರು, ಈಗ ತಾನೇ ಅಲ್ಲಿ ಊಟ ಮಾಡ್ಕೊಂಡು ಎದ್ದು ಬಂದೋರ ಹಾಗೆ. ಸತ್ತು ಆರುನೂರು ವರ್ಷ ಆದೋರ ಮನೇಲಿ ಉಪ್ಪಿನ ಗಡಿಗೆ ಯಾವ ಮೂಲೇಲಿತ್ತು ಅಂತ ಗೊತ್ತು, ಆದ್ರೆ ಪಕ್ಕದ ಮನೆ ಗ್ರಾಡುಸ್‌ಗೆ, ಅಂದ್ರೆ ನನ್ನ ಗಂಡನಿಗೆ, ದನ ಇದೆಯಾ ಕುರಿ ಇದೆಯಾ ಅಂತ ಗೊತ್ತಿಲ್ಲ!

ಈ ಕೋಟೇನ ಮೊದ್ಲು ಅಗೆದೋರು ಅವ್ರೇ. ಕಂದಕದ ಕೆಸರಲ್ಲಿ, ಸೇತುವೆ ಇದ್ದ ಜಾಗದ ಕೆಳಗೆ, ಒಬ್ಬ ಮನುಷ್ಯ ಸಿಕ್ಕಿದ್ದ. ಬೋರಲು ಬಿದ್ದ ಮೂಳೆ... ಯಾವ ಕಾಲದಲ್ಲಿ ಮುಳುಗಿ ಸತ್ತನೋ ಪಾಪ, ಯಾರೂ ಎತ್ತಿರಲಿಲ್ಲ, ಮಣ್ಣು ಮಾಡಿರಲಿಲ್ಲ. ಅವನಿಗೊಂದು ನಂಬರು ಹಾಕಿ, ರಟ್ಟಿನ ಡಬ್ಬದಲ್ಲಿಟ್ಟು, ಪಟ್ಟಣದ ಉಗ್ರಾಣಕ್ಕೆ ಕಳಿಸಿಬಿಟ್ರು. ನಿಮ್ಮ ಪದ್ಧತಿ ಅದೇ ತಾನೇ? ತಪ್ಪು ಅಂತ ಹೇಳ್ತಿಲ್ಲ. ರಿಟೈರಾದ ಮೇಲೆ ಬೂಲೆನ್ಸ್ ಇಲ್ಲೇ ಮನೆ ತಗೊಂಡ್ರು. ಹೆಂಡ್ತಿ ಮಕ್ಕಳು ಯಾರಿಲ್ಲ. ಹೋಗೋಕೆ ಬೇರೆ ಜಾಗ ಇರ್ಲಿಲ್ಲ ಅಂತ ಕಾಣುತ್ತೆ.

ನಮ್ಮ ಸೀಮೇಲಿ ಪಕ್ಕದಲ್ಲಿ ಮನೆ ಇದ್ದ ಮಾತ್ರಕ್ಕೆ ಯಾರೂ ನೆರೆಯೋರಾಗಲ್ಲ. ಕೇಳ್ಬೇಕು. ಹೊಸದಾಗಿ ಬಂದೋರು ಒಂದು ಬಾಟ್ಲಿ ಜೆನೇವರ್ ಸಾರಾಯಿ ಹಿಡ್ಕೊಂಡು, ಎಲ್ಲಕ್ಕಿಂತ ಹತ್ತಿರ ಯಾವ ಬಾಗಿಲಿದೆಯೋ ಅಲ್ಲಿಗೆ ಹೋಗಿ, ನಮಗೆ ನೆರೆಯೋರಾಗ್ತೀರಾ ಅಂತ ಬಾಯಿಬಿಟ್ಟು ಕೇಳ್ಬೇಕು. ಕೇಳಿ ಜೊತೇಲಿ ಒಂದು ಗ್ಲಾಸು ಕುಡಿದ್ರೆ ಮುಗೀತು. ನೀವು ಹಾಸಿಗೆ ಹಿಡಿದ್ರೆ ಒಲೆ ಹಚ್ಚೋರು ಅವ್ರು. ಸತ್ರೆ ಮೈ ತೊಳೆಯೋರು, ಕನ್ನಡಿ ಮುಚ್ಚೋರು, ಮನೆಮನೆಗೆ ಸುದ್ದಿ ಮುಟ್ಟಿಸೋರು, ಹೆಗಲು ಕೊಡೋರು ಎಲ್ಲಾ ಅವ್ರೇ. ನೀವೂ ಅವ್ರಿಗೆ ಅಷ್ಟನ್ನೂ ಮಾಡ್ಬೇಕು. ತಪ್ಪಿಸ್ಕೊಳ್ಳೋ ಹಾಗಿಲ್ಲ.

ಗ್ರಾಡುಸ್ ಕಾದ. ಭಾನುವಾರ ಬಂತು ಅಂದ್ರೆ ಒಗೆದ ಅಂಗಿ ಹಾಕ್ಕೊಂಡು ಬಾಗಿಲು ನೋಡ್ತಾ ಕೂರೋನು, ಇವತ್ತು ಬರ್ತಾರೆ ಅಂತ. ಬೂಲೆನ್ಸ್ ಬರ್ಲೇ ಇಲ್ಲ. ನಾನು ಮೊಟ್ಟೆ ಕೊಡೋಕೆ ಹೋದಾಗ ಒಂದಿನ ತಾವಾಗೇ ಬಾಯಿಬಿಟ್ರು. ಅವ್ರ ತಾಯಿ ಡೆಲ್ಫ್ಟಲ್ಲಿ ತೀರ್ಕೊಂಡಾಗ ಇವ್ರು ಎಲ್ಲೋ ಕೋಟೆ ಅಗೀತಾ ಇದ್ರಂತೆ, ಓಡಿ ಬರೋ ಹೊತ್ತಿಗೆ ಕರಿ ಕೋಟು ಹಾಕಿದ ಕೂಲಿಯೋರು ಪೆಟ್ಟಿಗೆ ಹೊತ್ತಾಗಿತ್ತಂತೆ. ಸ್ಮಶಾನದ ಗೇಟಲ್ಲಿ ಅವ್ರಲ್ಲೊಬ್ಬ ಇವ್ರ ಕಡೆ ತಿರುಗಿ, ಈ ಹೆಂಗಸಿನ ಹೆಸರೇನು ಅಂತ ಕೇಳಿದ್ನಂತೆ... "ಅಲೈಡಾ ಅವರೇ, ಸಾಯೋದಕ್ಕೆ ನನಗೆ ಭಯ ಇಲ್ಲ. ನನ್ನ ಹೆಸರು ಗೊತ್ತಿಲ್ದೋರು ನನ್ನ ಹೊರ್ತಾರಲ್ಲ, ಅದಕ್ಕೆ ಭಯ" ಅಂದ್ರು.

"ಅಯ್ಯೋ ಮಾರಾಯ್ರೇ, ಹೋಗಿ ಗ್ರಾಡುಸ್‌ನ ಕೇಳಿ! ಅವನೇನು ಕಚ್ತಾನಾ?" ಅಂದೆ.

ಮುಖ ಕೆಂಪಾಯ್ತು. "ಎಲ್ಲಕ್ಕಿಂತ ಹತ್ತಿರದ ಬಾಗಿಲು ನಿಮ್ಮದಲ್ಲ" ಅಂದ್ರು. ಮತ್ಯಾರದ್ದು ಅಂದ್ರೆ, "ಅಳೆದು ನೋಡಿದೀನಿ. ಕೋಟೆ ಬಾಗಿಲು ನಿಮ್ಮ ಬಾಗಿಲಿಗಿಂತ ಹತ್ತಿರ."

ತಮಾಷೆ ಅಂದ್ಕೊಂಡು ನಕ್ಕುಬಿಟ್ಟೆ. ಆದ್ರೆ ಯೋಚ್ನೆ ಮಾಡಿ... ಇಲ್ಲದ ಮನೇನ ಇದೆ ಅಂತ ಲೆಕ್ಕಕ್ಕೆ ಹಿಡಿಯೋದೇ ಕಸುಬಾಗಿ ಹೋದ ಮನುಷ್ಯ, ಜೀವ ಇರೋರ ಮುಂದೆ ನಿಂತು ಏನನ್ನೂ ಕೇಳಿ ಅಭ್ಯಾಸ ಇಲ್ಲ. ಖಾಲಿ ಹುಲ್ಲುಗಾವಲನ್ನ ಕೇಳೋದು ಸುಲಭ ಅಲ್ವಾ? ಅದು ಆಗಲ್ಲ ಅನ್ನುತ್ತಾ? ಆ ಸಂಜೆ ನಾನು ಹಾಲು ಕರೀತಾ ಕೊಟ್ಟಿಗೆ ಕಿಟಕಿಯಿಂದ ನೋಡಿದೆ. ಬೂಲೆನ್ಸ್ ಕೋಟೆ ಬಾಗಿಲಿದ್ದ ಜಾಗದಲ್ಲೇ ಸರಿಯಾಗಿ ನಿಂತು, ಟೋಪಿ ತೆಗೆದು, ತಲೆ ಬಗ್ಗಿಸಿ ಏನೋ ಹೇಳಿದ್ರು. ಒಂದು ಗ್ಲಾಸು ತಾವು ಕುಡಿದ್ರು, ಇನ್ನೊಂದನ್ನ ನೆಲಕ್ಕೆ ಹೊಯ್ದ್ರು. ನೆಲ ಕುಡೀತು.

ಆ ಚಳಿಗಾಲ ಮೈ ಕೊರೆಯೋ ಹಿಮ. ಅವ್ರ ಚಿಮಣೀಲಿ ದಿನಾ ಹೊಗೆ ಕಾಣ್ತಿತ್ತು, ಅದಕ್ಕೇ ಚೆನ್ನಾಗಿದಾರೆ ಅಂದ್ಕೊಂಡ್ವಿ. ಆದ್ರೂ ಗ್ರಾಡುಸ್‌ಗೆ ಮನಸ್ಸು ತಡೀಲಿಲ್ಲ. ಒಂದು ಪಾತ್ರೆ ಸೂಪು ಕೊಟ್ಟು ಬಾ, ನಾನು ಕಳಿಸಿದೆ ಅಂತ ಮಾತ್ರ ಹೇಳ್ಬೇಡ ಅಂದ. ಹೋಗಿ ನೋಡಿದ್ರೆ ಹಾಸಿಗೇಲಿ ಮನುಷ್ಯನೇ ಇಲ್ಲ, ಬರೀ ಜ್ವರ! ಎದ್ದು ಕೂರೋ ಶಕ್ತಿ ಇಲ್ಲ. ಒಲೆ ಮಾತ್ರ ಕೆಂಪಗೆ ಉರೀತಿದೆ. ಪಕ್ಕದಲ್ಲಿ ಜೋಡಿಸಿಟ್ಟ ಸೌದೆ... ಇದ್ದಿಲಿನ ಹಾಗೆ ಕಪ್ಪು, ಕಲ್ಲಿನ ಹಾಗೆ ಭಾರ, ಮುಟ್ಟಿದ್ರೆ ನೀರು ಸುರೀತಿದೆ. ಒದ್ದೆ ಸೌದೆ ಹೇಗೆ ಉರಿಯುತ್ತೆ ಹೇಳಿ? ಮೂಗಿಗೆ ಹಿಡಿದೆ. ಕಂದಕದ ಕೆಸರು ವಾಸನೆ.

"ನೆರೆಯೋರು ತಂದಿದ್ದು" ಅಂದ್ರು. "ಸೇತುವೆ ಕಂಬ ಅಲೈಡಾ ಅವರೇ, ಓಕ್ ಮರ. ನಾನೇ ಅಳತೆ ತಗೊಂಡು, ಮತ್ತೆ ಮಣ್ಣು ಮುಚ್ಚಿಸಿದ್ದೆ." ಕಣ್ಣಲ್ಲಿ ನೀರು, ಮುಖದ ತುಂಬ ನಗು. "ನೋಡಿ, ನನ್ನ ಮನೆಗೆ ಒಬ್ಬರು ತಾವಾಗೇ ಬಂದ್ರು" ಅಂದ್ರು. ಆ ಸೌದೆ ಕಂಡು ನನಗೆ ಅಷ್ಟು ಹೆದರಿಕೆ ಆಗ್ಲಿಲ್ಲ ಕಣ್ರೋ. ಆ ಸಂತೋಷ ನೋಡಿ ಕರುಳು ಕಿತ್ತು ಬಂತು. ಎಷ್ಟು ಒಂಟಿಯಾಗಿದ್ರೆ ಮನುಷ್ಯ ಅದಕ್ಕೆ ಸಂತೋಷ ಪಡ್ತಾನೆ?

ಚೇತರಿಸ್ಕೊಂಡ ಮೇಲೆ, ಈಗ ನನ್ನ ಸರದಿ ಅಂತ ಹೊರಟ್ರು. ಪಟ್ಟಣದ ಉಗ್ರಾಣಕ್ಕೆ ಹೋಗಿ ಆ ಮೂಳೆ ಕೊಡಿ, ಮಣ್ಣು ಮಾಡ್ಬೇಕು ಅಂದ್ರಂತೆ. ಅಲ್ಲಿನೋರು, ಡಾಕ್ಟ್ರೇ, ಅದು ಅಧ್ಯಯನದ ವಸ್ತು, ಮಣ್ಣು ಮಾಡೋಕೆ ಬರಲ್ಲ, ನಿಮಗೆ ಗೊತ್ತಿಲ್ದೇ ಇರೋದಾ ಅಂದ್ರಂತೆ. ಬದುಕಲ್ಲೇ ದನಿ ಎತ್ತದ ಮನುಷ್ಯ ಕೂಗಾಡಿದ್ರಂತೆ, "ವಸ್ತು ಅಲ್ಲ, ನನ್ನ ನೆರೆಯವನು!" ಹೇಗೆ ಬಿಡಿಸ್ಕೊಂಡ್ರೋ ನಾನು ವಿಚಾರಿಸ್ಲಿಲ್ಲ, ಸೈಕಲ್ ಹಿಂದೆ ಕಟ್ಕೊಂಡು ತಂದೇಬಿಟ್ರು. ಕರಿ ಕೋಟು ಹಾಕ್ಕೊಂಡು ಆ ಡಬ್ಬಾನ ಹೆಗಲ ಮೇಲಿಟ್ಕೊಂಡ್ರು. ಹೆಣ ಹೊರೋರು ಇಡ್ತಾರಲ್ಲ, ಹಾಗೇ ನಿಧಾನಕ್ಕೆ ಒಂದೊಂದೇ ಹೆಜ್ಜೆ ಇಡ್ತಾ, ಕೋಟೆಯಿಂದ ಚರ್ಚಿನ ಸ್ಮಶಾನದ ತನಕ ಒಬ್ಬರೇ ನಡೆದ್ರು. ಪಾದ್ರಿಗಳು ನೋಡಿಯೂ ನೋಡದ ಹಾಗೆ ಒಳಗೆ ಹೋದ್ರು. ಬೇಲಿ ಮೂಲೇಲಿ ಮಣ್ಣಾಯ್ತು.

ಮುಂದಿನ ವರ್ಷ, ಎಲೆ ಉದುರೋ ಕಾಲ... ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದ ಸದ್ದು. ತೆಗೆದ್ರೆ ಗುರುತಿಲ್ಲದ ಒಬ್ಬ ಮನುಷ್ಯ, ಹೊಸ್ತಿಲಿಂದ ದೂರಾನೇ ನಿಂತಿದಾನೆ. ಮಳೆಯಿಲ್ಲ, ಬಿಸಿಲು ಬಿದ್ದಿದೆ, ಅವನ ಮೈಯಿಂದ ಮಾತ್ರ ನೀರು ತೊಟ್ಟಿಕ್ತಿದೆ. "ನಮ್ಮ ನೆರೆಯವರು ಮರೀನುಸ್ ಬೂಲೆನ್ಸ್ ತೀರಿಕೊಂಡರು. ತಿಳಿಸಲು ಬಂದೆ" ಅಂದ. ನನ್ನಜ್ಜಿ ಕಾಲದ ಮಾತಿನ ರೀತಿ. ಒಳಗೆ ಬಾರಪ್ಪ ಅನ್ನೋದ್ರೊಳಗೆ ಹೊರಟುಹೋದ. ಮನೆಮನೆಗೂ ಹೋಗಿದ್ದ. ನಾವು ಓಡಿಹೋಗಿ ನೋಡಿದ್ರೆ ಮೈ ತೊಳೆದು ಮಲಗಿಸಿದೆ, ಕನ್ನಡಿ ಮುಚ್ಚಿದೆ, ಗಡಿಯಾರ ನಿಲ್ಲಿಸಿದೆ.

ನಾನು ಗ್ರಾಡುಸ್‌ಗೆ ಹೇಳಿದೆ, ನಡಿ, ಹೆಗಲು ಕೊಡು. ಅವನು ಒಪ್ಪಲಿಲ್ಲ. "ಅವ್ರು ನಮ್ಮನ್ನ ಕೇಳ್ಲಿಲ್ಲ ಅಲೈಡಾ. ಕೇಳದೆ ಹೋಗಿ ಹೊತ್ರೆ ಅವ್ರಿಗೆ ಅವಮಾನ" ಅಂದ. ಕತ್ತೆ ಹಠ! ಅವನಿಗೂ ದುಃಖ ಇತ್ತು, ಹೇಳ್ಕೊಳ್ಳೋಕೆ ಬರ್ತಿರ್ಲಿಲ್ಲ. ಕೊನೆಗೆ ಪಟ್ಟಣದಿಂದ ಬಂದಿದ್ದು ಅದೇ ಕರಿ ಕೋಟಿನ ಕೂಲಿಯೋರು. ಅವತ್ತು ಸುರೀತಿದ್ದ ಮಳೆಗೆ ಅವ್ರ ಕಾರು ನಮ್ಮ ಓಣೀಲಿ ಹೂತ್ಕೊಂಡ್ತು. ಹೆಣದ ಪೆಟ್ಟಿಗೇನ ಬೂಲೆನ್ಸ್ ಮನೆ ಬಾಗಿಲಲ್ಲೇ ಬಿಟ್ಟು, ಮಳೆ ನಿಲ್ಲೋ ತನಕ ಅಂತ ಈ ಅಡುಗೆಮನೇಲೇ ಕಾಫಿ ಕುಡೀತಾ ಕೂತ್ರು. ಅವ್ರಲ್ಲೊಬ್ಬ ಕೇಕು ಬಾಯಿಗಿಟ್ಕೊಂಡು, ಅಂದ ಹಾಗೆ ಈ ಮನುಷ್ಯನ ಹೆಸರೇನು ಅಂತ ಕೇಳ್ದ... ಗ್ರಾಡುಸ್ ಧಡಕ್ಕನೆ ಎದ್ದ. ಹೆಸರು ನನಗೆ ಗೊತ್ತು, ನಾನು ಹೊರ್ತೀನಿ ಅಂತ ಬಾಗಿಲು ತೆಗೆದು ಓಡಿದ.

ಪೆಟ್ಟಿಗೆ ಇರ್ಲಿಲ್ಲ.

ಸಿಕ್ಕಿದ್ದು ಸ್ಮಶಾನದಲ್ಲಿ, ತೋಡಿಟ್ಟ ಗುಂಡಿಗೆ ಅಡ್ಡ ಇಟ್ಟ ಹಲಗೆ ಮೇಲೆ ನೇರವಾಗಿ ಇಳಿಸಿತ್ತು. ಆರು ಹಿಡಿ ಇರುತ್ತಲ್ಲ ಪೆಟ್ಟಿಗೆಗೆ? ಆರಕ್ಕೂ ಕಪ್ಪು ಕೆಸರು ಮೆತ್ತಿತ್ತು. ಇಡೀ ಕೋಟೇನೇ ಬಂದು ಹೊತ್ತಿತ್ತು ಕಣ್ರೋ. ಗ್ರಾಡುಸ್ ಅಲ್ಲೇ ಮಳೇಲಿ ಕೂತು ಮಗೂ ಥರ ಅತ್ತ. ಸಂಜೆ ಒಂದು ಬಾಟ್ಲಿ ಹಿಡ್ಕೊಂಡು ಆ ಹೊಸ ಮಣ್ಣಿನ ಹತ್ರ ಹೋಗಿ, ಡಾಕ್ಟ್ರೇ, ನಮಗೆ ನೆರೆಯೋರಾಗ್ತೀರಾ ಅಂತ ಅವನೇ ಕೇಳ್ದ.

ಅಲೈಡಜ್ಜಿ ಒಲೆಗೆ ಒಂದು ಸೌದೆ ತಳ್ಳಿದರು. ಫ್ರೌಕೆ ಮೆಲ್ಲಗೆ, "ಆಮೇಲೆ?" ಎಂದಳು.

ಆಮೇಲೇನು, ನೆರೆಯೋರಾದ್ರು. ಗ್ರಾಡುಸ್ ಹೋಗೋ ಹೊತ್ತಿಗೆ ಸುತ್ತಲ ಮನೆಗಳನ್ನೆಲ್ಲ ಪಟ್ಟಣದೋರು ಕೊಂಡ್ಕೊಂಡಿದ್ರು, ಯಾರೂ ಯಾರನ್ನೂ ಕೇಳೋ ಕಾಲ ಅಲ್ಲ ಅದು. ಹೆಣದ ಪಕ್ಕ ಒಬ್ಬಳೇ ಕೂತು, ಸುದ್ದಿ ಮುಟ್ಟಿಸೋರು ಯಾರಪ್ಪ ಅಂತ ನೋಡ್ತಿದ್ದೆ. ಬೆಳಗಾಗ್ತಿದ್ದ ಹಾಗೆ ಜನ ಬಂದ್ರು, ಹೂ ಹಿಡ್ಕೊಂಡು, ಮುಖಪರಿಚಯ ಇಲ್ದೋರೆಲ್ಲ. ಯಾರು ಹೇಳಿದ್ರು ಅಂದೆ. ದಪ್ಪ ಕನ್ನಡಕದ ಸಣಕಲು ಮುದುಕರೊಬ್ರು, ಬಹಳ ಸಂಕೋಚದೋರು, ಒಳಗೆ ಬನ್ನಿ ಅಂದ್ರೆ ಬರ್ಲೇ ಇಲ್ಲ ಅಂದ್ರು. ಅವತ್ತಿಂದ ಈ ರಸ್ತೇಲಿ ಯಾರೇ ಸಾಯ್ಲಿ, ಬೂಲೆನ್ಸ್ ಮೊದ್ಲು ತಟ್ಟೋದು ನನ್ನ ಬಾಗಿಲು. ಟೋಪಿ ತೆಗೀತಾರೆ, ಸತ್ತೋರ ಹೆಸರು ಹೇಳ್ತಾರೆ, ಹೋಗ್ತಾರೆ. ಬದುಕಿದ್ದಾಗ ಒಂದು ಬಾಗಿಲೂ ತಟ್ಟದೆ ಇದ್ದ ಮನುಷ್ಯ... ಈಗ ಎಷ್ಟು ಓಡಾಡ್ತಾರೆ!

ಇವತ್ತು ಮಧ್ಯಾಹ್ನಾನೂ ಬಂದ್ರು. ಕಿಟಕೀಲಿ ಕಂಡ್ರು, ನಾನು ಎದ್ದು ಬಾಗಿಲ ಹತ್ರ ಹೋಗಿ ನಿಂತೆ. ನಮ್ಮ ಗೇಟು ದಾಟ್ಕೊಂಡು ಹೋಗೇಬಿಟ್ರು ನೋಡಿ. ಆ ತಿರುವಿನ ಮನೆಗೆ ಹೋದ್ರು, ಅದರಾಚೆ ಮನೆಗೆ ಹೋದ್ರು, ವಾಪಸ್ ಬರುವಾಗ್ಲೂ ಈ ಕಡೆ ತಲೆ ಎತ್ತಲಿಲ್ಲ. ಸಾವಿನ ಸುದ್ದಿ ಮುಟ್ಟಿಸೋರು ಒಂದು ಮನೇನ ಮಾತ್ರ ಬಿಟ್ಟುಬಿಡ್ತಾರೆ, ಯಾವುದು ಅಂತ ನಿಮಗೂ ಗೊತ್ತಾಗುತ್ತಲ್ಲ. ಭಯ ಏನಿಲ್ಲಪ್ಪ. ನನ್ನ ಹೆಸರು ಗೊತ್ತಿರೋರೇ ಹೊರ್ತಾರೆ... ಅಂದ ಹಾಗೆ, ಕೊನೇಲಿ ಹುಲ್ಲುಗಾವಲು ಇಳಿದು ನಿಮ್ಮ ತಗಡಿನ ಗುಡಿಸಲ ಕಡೆ ಬಂದ್ರಲ್ಲ?

ಫ್ರೌಕೆ ನನ್ನ ಮುಖ ನೋಡಿದಳು. ಮಧ್ಯಾಹ್ನ ಗುಡಿಸಲ ಬಾಗಿಲಲ್ಲಿ ಒಬ್ಬ ಮುದುಕ ಟೋಪಿ ತೆಗೆದು ನಿಂತು ಏನೋ ಹೇಳಿದ್ದ. ನೀರೆತ್ತುವ ಪಂಪಿನ ಗದ್ದಲದಲ್ಲಿ ನಮಗೇನೂ ಕೇಳಿಸಿರಲಿಲ್ಲ. ಊರಿನವರು ಯಾರೋ ಎಂದುಕೊಂಡು ಕೈ ಬೀಸಿದ್ದೆವು.

ಅಲೈಡಜ್ಜಿ ನಮ್ಮೆಲ್ಲರನ್ನೂ ಒಮ್ಮೆ ನೋಡಿ ಎದ್ದರು.

"ಕೇಳಿಸ್ಲಿಲ್ವಾ? ಪರವಾಗಿಲ್ಲ ಬಿಡಿ, ಬೆಳಿಗ್ಗೆ ಹೇಗೂ ಗೊತ್ತಾಗುತ್ತೆ. ಇನ್ನೊಂಚೂರು ಕಾಫಿ ಹಾಕ್ಲಾ?"