ಡೈನೋಸಾರುಗಳ ಕಿಲಾರಿ

...ಆ ಕಿಟಕಿ ತೆಗೀಬೇಡ ಸ್ವಪ್ನಾ! ಬಿಸಿಲು ಬಿದ್ರೆ ಈ ಕಂಪ್ಯೂಟರ್ ಪರದೆ ಮ್ಯಾಲೆ ನಿಮ್ಮಪ್ಪನಿಗೆ ಏನೂ ಕಾಣಲ್ಲ. ಸೆಕೆ ಆದ್ರೆ ಆಗ್ಲಿ. ಸೌಂಡೂ ಕಮ್ಮಿ ಮಾಡ್ಬೇಡ. ಅವು ಕೂಗಿದ್ರೆ ನನಗೆ ಗೊತ್ತಾಗ್ಬೇಕಲ್ಲ! ಎತ್ತು ಕಾಯೋ ಕಿಲಾರಿಗೆ ಮೊದಲು ಕಿವಿ ಕಣವ್ವ, ಕಣ್ಣು ಆಮ್ಯಾಲೆ.

ಏನು ನೋಡ್ತೀಯ? ಆಟದ ಗೇಟಾ? ಹೌದು, ಮುಚ್ಚಿದೀನಿ! ಜನ ಬಂದು ನೋಡ್ಲಿ ಅಂತಾನೇ ಈ ಆಟ ಇರೋದು ಅಂತ ನೀನೇ ಹೇಳ್ಕೊಟ್ಟಿದ್ದೆ, ಮರೆತಿಲ್ಲ. ಆದ್ರೆ ಈ ಉದ್ದಕುತ್ತಿಗೆ ಡೈನೋಸಾರುಗಳು ಜನ ಕಂಡ್ರೆ ಬೆದರ್ತಾವೆ. ಬಾ ಇಲ್ಲಿ, ಅವುಗಳ ನೆಮ್ಮದಿ ತೋರ್ಸೋ ಈ ಹಸಿರು ಗೀಟು ನೋಡು. ನೀರು ಸಾಕು. ಸೊಪ್ಪು ಸಾಕು. ಜೊತೆಗೆ ತನ್ನ ಜಾತಿಯವು ಅವೆ, ಓಡಾಡಾಕೆ ಬಯಲೈತೆ. ಇದರಾಗೆ ಒಂದು ಕಮ್ಮಿ ಆದ್ರೂ ಗೀಟು ಕೆಂಪಗಾಗುತ್ತೆ, ಬೇಲಿ ಮುರೀತಾವೆ. ಮುರೀಲೇಬೇಕು! ನಾನಾಗಿದ್ರೂ ಮುರೀತಿದ್ದೆ. ಮಾಂಸ ತಿನ್ನೋದನ್ನ ನಾನು ಹುಟ್ಟಿಸೇ ಇಲ್ಲ. ಅದರ ಬಾಯಿಗೆ ಜೀವಂತ ಮೇಕೆ ಬಿಡಬೇಕಂತೆ... ಈ ಯರ್ರಪ್ಪನ ಕೈಲಾಗಲ್ಲ ಅಂದೆ.

ಸ್ವಾಮಿಗೆ ಬಿಟ್ಟ ದೇವರೆತ್ತು ಮೇಯಿಸುವಾಗ ನಾವೇನು ಟಿಕೆಟ್ ಹರಿದಿದ್ವಾ? ಹೊಲಕ್ಕೆ ಹೂಡಲಿಲ್ಲ, ಸಂತೆಗೆ ಹೊಡೀಲಿಲ್ಲ. ಸ್ವಾಮಿ ಮೇಯಿಸು ಅಂದ, ಮೇಯಿಸಿದ್ವಿ. ಇವೂ ಅವನವೇ. ಯಾವ ಕಾಲದಾಗೋ ಸತ್ತು ಕಲ್ಲಾದವನ್ನ ಈ ಮುದುಕನ ಮುಂದೆ ಎಬ್ಬಿಸಿ ನಿಲ್ಲಿಸಿದಾನೆ ಅಂದ್ರೆ, ಸುಮ್ನೆ ಅಲ್ಲ.

ನಗ್ತೀಯಾ? ನಗು, ನಗು... ಊಹುಂ. ನಗ್ತಿಲ್ಲ ನೀನು.

ಇದಾ? ಪರದೆ ಮ್ಯಾಲೆ ಬಿದ್ದಿರೋ ಈ ಉದ್ದಕುತ್ತಿಗೆಯದು ಮಲಗಿಲ್ಲವ್ವ. ಹೋಗೈತೆ. ಬೆಳಿಗ್ಗೆ. ವಯಸ್ಸಾಗಿತ್ತು. ಆಟ ಏನನ್ನುತ್ತೆ ಗೊತ್ತಾ? ಹೆಲಿಕಾಪ್ಟರ್ ಕಳಿಸು, ಎತ್ತಿ ಬಿಸಾಕ್ಸು, ಇಲ್ದಿದ್ರೆ ಮಿಕ್ಕವಕ್ಕೆ ರೋಗ ಅಂಟುತ್ತೆ ಅಂತ. ಕಸ ಎತ್ತಿದಂಗೆ! ಎತ್ತಿಸಲ್ಲ! ಹೊಸ ಬಟ್ಟೆ ಹೊದಿಸೋದಿಲ್ಲ, ಮಣ್ಣು ಕೊಡೋದಿಲ್ಲ, ಇದೆಂಥ ಆಟ? ಸಾಕಿದವನು ಮೊದಲ ಹಿಡಿ ಮಣ್ಣು ಹಾಕೋ ತನಕ ನಮ್ಮಲ್ಲಿ ದೇವರೆತ್ತಿನ ಗುಂಡಿ ಮುಚ್ತಾರಾ? ಅದಕ್ಕೇ ಹಂಗೇ ಬಿಟ್ಟು, ಕೈ ಮುಗಿದು, ಕೂತಿದೀನಿ.

ಮತ್ತೆ ಆ ಚಪ್ಪಲಿ ಯಾಕೆ ಹಿಡ್ಕಂಡು ನಿಂತೆ? ಆ ಚಳ್ಳಕೆರೆ ಡಾಕ್ಟ್ರೇ ಬಂದು ಬೇಡಿಕೊಂಡ್ರೂ ಹಾಕಲ್ಲ! ಸಕ್ಕರೆ ಕಾಯಿಲೆ ಕಾಲು, ಮುಳ್ಳು ಚುಚ್ಚಿದ್ರೆ ಕಾಲೇ ಹೋಗುತ್ತೆ ಅಂದ. ಕೊಟ್ಟವನೇ ತಗೊಂಡ್ರೆ ತಗೊಳ್ಳಿ. ದೇವರೆತ್ತು ಕೂಡಿಹಾಕೋ ರೊಪ್ಪದಾಗೆ ಚಪ್ಪಲಿ ಮೆಟ್ಟಿದ ಕಿಲಾರಿ ಉಂಟಾ? ಬರಿಗಾಲಲ್ಲಿ ಹೋಗಾಕೆ ನೀನು ಬಿಡಲ್ಲ, ಮೆಟ್ಟಿಕೊಂಡು ಹೋಗಾಕೆ ನಾನು ಒಲ್ಲೆ. ಅದಕ್ಕೇ ತಾನೇ ನೀನು ಈ ಕಂಪ್ಯೂಟರ್ ತಂದು ನನ್ನ ಮುಂದಿಟ್ಟೆ? ಆಯ್ತು. ಇಲ್ಲೇ ಇರ್ತೀನಿ. ಎಲ್ಲಿಗೂ ಬರಲ್ಲ.

ನಮ್ಮ ದೇವರೆತ್ತು ಬೂದಯ್ಯ ಮೇವು ಬಿಟ್ಟು ಮಲಗಿದಾನೆ ಅಂತ ನಿನ್ನೆ ಹೇಳ್ದೆ. ಅದೇನು ಹೊಸದಾ? ಹಠದಾಗೆ ಅವನು ನನ್ನಂಗೇ. ತಾಯಿ ಸತ್ತ ಕರು, ಬಾಟ್ಲೀಲಿ ಹಾಲು ಕುಡಿಸಿದ್ರೆ ನಿಪ್ಪಲ್ಲೇ ಕಚ್ಚಿ ಹಾಕ್ತಿದ್ದ, ನಿಮ್ಮವ್ವನ ಕೈಲಿ ಬೈಗುಳ ತಿಂತಿದ್ದ. ಮಲಗ್ತಾನೆ, ಏಳ್ತಾನೆ. ಇಷ್ಟೊತ್ತಿಗೆ ಎದ್ದಿರ್ತಾನೆ. ಎದ್ದಿದಾನೆ ತಾನೇ? ಹೇಳು.

ಹೇಳು ಅಂದ್ರೆ!

...ಕೈಯೆಲ್ಲ ಅರಿಶಿಣ ನಿಂದು, ಅವನ ಮೈಗೆ ಹಚ್ಚಿ ಬಂದೆಯಾ?

ಬೇಡ ಬಿಡು. ನೀನು ಹೇಳೋದು ಬೇಡ, ಸುಮ್ನಿರು ತಾಯಿ. ನನಗೆ ಬೆಳಿಗ್ಗೇನೇ ಕೇಳಿಸ್ತು. ರೊಪ್ಪದ ಕಡೆಯಿಂದ ಉರುಮೆ ಬಡಿಯೋ ಸದ್ದು. ದೇವರೆತ್ತು ಹೋದಾಗ ಉರುಮೆ ಹೆಂಗೆ ಬಡೀತಾರೆ ಅಂತ ನನಗೆ ಗೊತ್ತಾಗಲ್ವಾ? ಅದಕ್ಕೇ ಕಿಟಕಿ ಹಾಕ್ದೆ. ಅದಕ್ಕೇ ಇದರ ಸೌಂಡು ಜಾಸ್ತಿ ಮಾಡ್ದೆ.

ಗುಂಡಿ... ಗುಂಡಿ ಇನ್ನೂ ಮುಚ್ಚಿಲ್ವಾ? ನನಗೇ ಕಾಯ್ತಿದಾರಾ?

ಕೊಡು ಚಪ್ಪಲಿ. ರೊಪ್ಪದ ಬೇಲಿ ತನಕ ಅಷ್ಟೇ! ಅಲ್ಲಿ ಬಿಟ್ಟೇ ಬಿಡ್ತೀನಿ. ಮುಳ್ಳಿದ್ರೆ ಅವನ ರೊಪ್ಪದ ಮುಳ್ಳು. ಅಲ್ಲಿ ನನ್ನ ಕೈ ಹಿಡಿದು ಎಳೆದೀಯಾ ಮತ್ತೆ, ಹೇಳಿರ್ತೀನಿ.

ಈ ಕಂಪ್ಯೂಟರ್ ಆರಿಸ್ಬೇಡ. ನೀರು ತುಂಬೈತೆ, ಸೊಪ್ಪೈತೆ. ಬರೋ ತನಕ ಗೇಟು ಮುಚ್ಚೇ ಇರ್ಲಿ.

ಈಗ ತೆಗಿ ಆ ಕಿಟಕಿ.